ಮೀನಿನ ಬಕೆಟ್ಟಿನ ಮೈಲಿಗೆ

ಮಾನ್ಯ ವಾಚಕ ಮಹಾಶಯರೇ, ನಮ್ಮ ಆರೋಗ್ಯಕ್ಕೆಂದು ನಲ್ಲಿಯ ನೀರಿಗೆ ಬೆರೆಸುವ ಔಷಧವು ಮೀನಿನ ಕಿವಿರುಗಳನ್ನು ಸುಡುತ್ತದೆಂಬ ಸತ್ಯವನ್ನು ನಾನು ಅರಿತದ್ದು ಹೈದರಾಬಾದಿನ ಹಿಮಾಯತ್‌ನಗರದಲ್ಲಿ.

ಗೆಳೆಯ ವೆಂಕಟೇಶನು ಕಚೇರಿಯ ಕೆಲಸಕ್ಕಾಗಿ ವಿಶಾಖಪಟ್ಟಣಕ್ಕೆ ಹೊರಟಾಗ, ತನ್ನ ಪ್ರೀತಿಯ ಹೊಂಬಣ್ಣದ ಮೀನನ್ನು ಅತಿಥಿಯಾದ ನನಗೆ ಒಪ್ಪಿಸಿದನು.

"ತೊಟ್ಟಿ ನೀರು ಕದಡಿದ್ರ ಅರ್ಧ ಬದಲಿಸು. ಆದ್ರ ನಲ್ಲಿ ನೀರು ಸೀದಾ ಹಾಕಬ್ಯಾಡ, ಮಾರಾಯ. ಒಂದು ದಿನ ಬಕೆಟ್‌ನ್ಯಾಗ ತೆರೆದಿಡು, ವಾಸನಿ ಹೋಗಲಿ."

ಅವನು ಹೋದ ಮರುದಿನವೇ ತೊಟ್ಟಿಯ ನೀರು ಗಂಜಿಯಂತಾಯಿತು. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ನಾನು ಬಕೆಟ್ ತುಂಬಿ ವರಾಂಡದಲ್ಲಿಟ್ಟೆ. ಬೆಳಿಗ್ಗೆ ಮೂಸಿದರೆ ಔಷಧದ ಘಾಟು ಹಾಗೆಯೇ ಇತ್ತು. ಮತ್ತೊಂದು ದಿನ ಕಾದೆ. ಘಾಟು ತುಸುವೂ ಇಳಿಯಲಿಲ್ಲ. ಮೀನಾದರೋ ಒಂದು ಮಗ್ಗುಲಿಗೆ ವಾಲಿ ಈಜುತ್ತಿತ್ತು.

ಮರುದಿನ ನಸುಕಿನಲ್ಲಿ ನಲ್ಲಿಯ ಸದ್ದಿಗೆ ಎದ್ದು ಬಂದೆ. ವೆಂಕಟೇಶನ ತಾಯಿ ತುಳಸಾಬಾಯಿಯವರು ಮಿಂದು ಒದ್ದೆ ಸೀರೆಯಲ್ಲಿಯೇ ನನ್ನ ಬಕೆಟ್ಟನ್ನು ಗಿಡಗಳಿಗೆ ಸುರಿದು, ಹೊಸ ನೀರು ಹಿಡಿಯುತ್ತಿದ್ದರು!

"ಕಾಕೂ! ಏನು ಮಾಡ್ಲಿಕ್ಕತ್ತೀರಿ?"

"ದಿನಾ ನಸುಕಿನ್ಯಾಗ ಹೊಸಾ ನೀರು ಬರ್ತದಲ್ಲಪಾ. ನಿನ್ನಿ ನೀರು ಮನ್ಯಾಗ ಇಟ್ಟುಕೋತಾರೇನು? ಊರೂರು ಅಲೆದು ನಿನಗ ಮಡಿ ಅನ್ನೋದ ಮರತುಹೋಗ್ಯದ."

"ಅದು ಮೀನಿಂದು, ಕಾಕೂ. ಹಳೇ ನೀರಿಲ್ದ ಅದು ಸಾಯ್ತದ."

ಅವರ ಕೈ ಬಕೆಟ್ಟಿನಿಂದ ಸರಕ್ಕನೆ ಹಿಂದೆ ಸರಿಯಿತು.

"ಮೀನಿಂದೇನು? ಮೊದಲ ಹೇಳಬಾರದಾ, ಕತ್ತೆ! ಮೈಲಿಗಿ ಬಕೆಟ್ ಮುಟ್ಟಿಸಿದೆಲ್ಲೋ. ಮತ್ತ ಮೀಯಬೇಕಾತು." ಬಚ್ಚಲಿಗೆ ನಡೆದವರು ತಿರುಗಿ ನಿಂತರು. "ಆ ಮೂಲ್ಯಾಗ ಇಡು. ಇನ್ನ ನಾನಂತೂ ಮುಟ್ಟಂಗಿಲ್ಲ." ಬಳಿಕ ದನಿ ತಗ್ಗಿಸಿ ಕೇಳಿದರು: "ನಾಳಿತನಕ ತಡೀತದೇನೋ ಆ ಮೀನು?"

ಅಂದು ಆ ಮೂಲೆಯತ್ತ ಯಾರೂ ಸುಳಿಯಲಿಲ್ಲ. ಕಾಕೂ ಮಾತ್ರ ಅಡುಗೆಮನೆಯ ಬಾಗಿಲಲ್ಲೇ ನಿಂತು, "ಹೆಂಗದ?" ಎಂದು ಹಲವು ಸಲ ಕೇಳಿದರು.

ಮರುದಿನ ನೀರಿಗೆ ಘಾಟಿರಲಿಲ್ಲ. ತೊಟ್ಟಿಯ ಅರ್ಧ ನೀರು ತೆಗೆದು, ತಂಬಿಗೆಯಿಂದ ಮೆಲ್ಲಗೆ ಸುರಿದೆ. ಮೀನು ಸ್ವಲ್ಪ ಹೊತ್ತು ತಳದಲ್ಲಿ ಸುಮ್ಮನಿತ್ತು. ಮಧ್ಯಾಹ್ನದ ವೇಳೆಗೆ ನೆಟ್ಟಗಾಗಿ, ಗಾಜಿನುದ್ದಕ್ಕೂ ಒಂದು ಸುತ್ತು ಹಾಕಿತು.

ಸಂಜೆ ವೆಂಕಟೇಶನು ಬಂದನು. ಮೀನನ್ನು ನೋಡಿ ಹಿಗ್ಗಿ, ಇನ್ನೊಂದು ವಾರ ಇರೆಂದು ನನ್ನನ್ನು ಒತ್ತಾಯಿಸಿದನು. ಬೆಳಿಗ್ಗೆ ಎದ್ದಾಗ ಮೂಲೆಯ ಬಕೆಟ್ ಆಗಲೇ ತುಂಬಿತ್ತು.

"ಸ್ನಾನಕ್ಕ ಮೊದಲ ತುಂಬಿಟ್ಟೀನಿ. ನೀ ಇಲ್ಲೇ ನಿಲ್ಲಾಂವಲ್ಲ, ನನಗ ಗೊತ್ತದ," ಎಂದರು ಕಾಕೂ.

ಮಾತು ನಿಜವಾಗಿತ್ತು. ಎರಡು ಅಂಗಿಗಳನ್ನೂ ಮುಖಪುಟ ಕಿತ್ತ ಕಾದಂಬರಿಯೊಂದನ್ನೂ ಚೀಲಕ್ಕೆ ತುರುಕಿ, ಅವರ ಕಾಲಿಗೆ ದೂರದಿಂದಲೇ ನಮಸ್ಕರಿಸಿ, ಕಾಚಿಗುಡ ನಿಲ್ದಾಣದತ್ತ ಹೊರಟೆ. ಯಾವ ಗಾಡಿ ಮೊದಲು ಸಿಗುವುದೋ ಅದನ್ನೇ ಹತ್ತಲು.