ಯಾವ ಬೀದಿಗೆ ಎಷ್ಟು ಸಲ ನೀರು

ಹಿಂದೂಪುರದಿಂದ ಕಲ್ಯಾಣದುರ್ಗದವರೆಗೆ ಆಟೋ ಮೈಕಿನಲ್ಲಿ ಹೆಂಗಸಿನ ದನಿ ಕೇಳಿದರೆ ಅದು ನನ್ನದೇ ಅನ್ನಿ. ಸೀರೆ ಸೇಲು, ಕಣ್ಣಿನ ಕ್ಯಾಂಪು, ಸತ್ತವರ ಸುದ್ದಿ, ಏನಿದ್ದರೂ ಉಮಾದೇವಿಯನ್ನೇ ಕರೆಯುತ್ತಾರೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ, ಗಂಟಲು ನನ್ನದು.

ಮೊನ್ನೆ ನಮ್ಮೂರಿನ ನೀರಿನ ಆಫೀಸಿಗೆ ಹೊಸದಾಗಿ ಬಂದ ಶೋಭಾರಾಣಿ ಮೇಡಂ ನನ್ನನ್ನು ಕರೆಸಿದರು. ಯಾವ ಬೀದಿಗೆ ತಿಂಗಳಲ್ಲಿ ಎಷ್ಟು ಸಲ ನೀರು ಬಿಟ್ಟರು ಎಂಬ ಲೆಕ್ಕವನ್ನು ಅವರು ಇಂಟರ್ನೆಟ್ಟಿಗೆ ಹಾಕಿದ್ದರು. ಒಬ್ಬರೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ? ಕೊಡ ಹಿಡಿದು ನಲ್ಲಿಯ ಮುಂದೆ ನಿಂತವಳು ಫೋನು ತೆಗೆದು ಇಂಗ್ಲಿಷ್ ಓದುತ್ತಾಳೆಯೇ?

"ಆ ಲೆಕ್ಕದ ಕಾಗದ ಇತ್ತ ಕೊಡಿ ಮೇಡಂ," ಎಂದೆ. "ಬೀದಿ ಬೀದೀಲಿ ಓದ್ತೀನಿ. ತೆಲುಗಲ್ಲೂ ಕನ್ನಡದಲ್ಲೂ."

"ಇದ್ದಿದ್ದು ಇದ್ದಂಗೇ ಓದ್ಬೇಕು ಕಣಮ್ಮ. ಒಂದು ಬೀದೀನೂ ಬಿಡಂಗಿಲ್ಲ."

"ಬಿಟ್ರೆ ನನ್ನ ಹೆಸರು ಉಮಾದೇವಿನೇ ಅಲ್ಲ!"

ಮನೆಗೆ ಬಂದು ಕಾಗದ ಬಿಡಿಸಿ ಮೊದಲು ನಮ್ಮ ಬೀದಿಯನ್ನೇ ಹುಡುಕಿದೆ. ನಮ್ಮ ಬೀದಿಗೆ ನಾಲ್ಕು ಸಲ. ಟ್ಯಾಂಕ್ ಬೀದಿಗೆ ಹದಿನೆಂಟು ಸಲ. ಅಲ್ಲಿರುವವಳು ಪ್ರಮೀಳಾ, ನನ್ನ ಒಡಹುಟ್ಟಿದ ಅಕ್ಕ. ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು. ಅವಳ ಮಗಳು ಹರಿತಾಳ ಕೂಸಿಗೆ ಮುಂದಿನ ವಾರ ನಾಮಕರಣ, ಕಂಬದೂರಿನಿಂದ ಬೀಗರು ಬರುವವರಿದ್ದರು. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು ನಾನೇ ಹೋಗಿ ಅಕ್ಕನಿಗೆ ಹೇಳಿದೆ.

"ಏಮೇ ಉಮಾ, ತಲೆ ಕೆಟ್ಟೈತಾ? ಊರಿಗೆಲ್ಲಾ ಕೇಳಂಗೆ ಕೂಗಿದ್ರೆ ನಮ್ಮ ನೀರು ಕಮ್ಮಿ ಮಾಡ್ಬುಡ್ತಾರೆ. ಮನೇಲಿ ಬಾಣಂತಿ, ಕೂಸು, ಮೇಲೆ ನೆಂಟರು! ನಮ್ಮದೊಂದು ಬೀದಿ ನುಂಗ್ಕೋ ಕಣೇ."

"ಆಗಲ್ಲ ಅಕ್ಕ."

"ಹಂಗಾದ್ರೆ ನಾಮಕರಣಕ್ಕೆ ಬರಬ್ಯಾಡ. ಕೂಸಿನ ಮುಖಾನೂ ನೋಡಬ್ಯಾಡ, ಹೋಗು!"

ಅಳುವೂ ಬಂತು, ಸಿಟ್ಟೂ ಬಂತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆದರೆ ಅಕ್ಕನ ಬೀದಿ ನುಂಗಿದರೆ, ಆಮೇಲೆ ನಾನು ಏನು ಕೂಗಿದರೂ ಯಾರು ನಂಬುತ್ತಾರೆ?

ಮರುದಿನ ಬೆಳಿಗ್ಗೆ ರಾಜೇಶನ ಆಟೋ ಹತ್ತಿದೆ. ಮೊದಲು ನಮ್ಮ ಬೀದಿಯಲ್ಲೇ ಓದಿದೆ. ಟ್ಯಾಂಕ್ ಬೀದಿಯ ಲೆಕ್ಕ ಬರುತ್ತಲೇ ಪಕ್ಕದ ಮನೆಯ ಪೋಲಮ್ಮ ಕೈಯಲ್ಲಿದ್ದ ಕೊಡ ಕುಕ್ಕಿದಳು.

"ನಮಗೆ ನಾಲ್ಕು, ಅವ್ರಿಗೆ ಹದಿನೆಂಟಾ? ಟ್ಯಾಂಕಲ್ಲೇ ನೀರಿಲ್ಲ ಅಂತಿದ್ರಲ್ಲೇ ಆಫೀಸ್ನೋರು, ಇವ್ರ ಮನೆ ಹಾಳಾಗ!"

ಆಟೋ ಮುಂದಕ್ಕೆ ಹೊರಟಾಗ ಹೆಂಗಸರೆಲ್ಲ ಹಿಂದೆಯೇ ಬಂದರು. ಟ್ಯಾಂಕ್ ಬೀದಿಯಲ್ಲಿ ಅಕ್ಕ ನನ್ನನ್ನು ಕಂಡು ಬೆನ್ನು ತಿರುಗಿಸಿದಳು.  ನಾನು ಮೈಕು ಬಾಯಿಗೆ ಹಿಡಿದೆ.

"ಗಮನಿಂಚಂಡಿ, ಗಮನವಿಟ್ಟು ಕೇಳಿ! ಟ್ಯಾಂಕ್ ಬೀದಿ, ಹದಿನೆಂಟು ಸಲ. ಅದರ ಹಿಂದಿನ ಬಂಗ್ಲೆ ಬೀದಿ, ದಿನಾಲೂ!"

ಅಕ್ಕ ಸರಕ್ಕನೆ ತಿರುಗಿದಳು. "ಎಷ್ಟಂದೆ? ದಿನಾಲೂನಾ? ಇನ್ನೊಂದ್ಸಲ ಓದೇ!"

ಓದಿದೆ. ಅಕ್ಕ ಸೆರಗು ಬಿಗಿದು, ಪೋಲಮ್ಮನ ಕೈ ಹಿಡಿದುಕೊಂಡು, ಎಲ್ಲರಿಗಿಂತ ಮುಂದೆ ಆಫೀಸಿಗೆ ನಡೆದಳು. ತನ್ನ ಹದಿನೆಂಟರ ಮಾತನ್ನು ಮಾತ್ರ ಎತ್ತಲಿಲ್ಲ, ಕಳ್ಳಿ! ಮೇಡಂ ಎಲ್ಲರ ಮುಂದೆಯೇ ಬೀದಿಗೊಂದು ದಿನ ಗೊತ್ತುಮಾಡಿದರು. ಆ ಸರದಿಯನ್ನೂ ನಾನೇ ಊರೆಲ್ಲ ಕೂಗಿದೆ. ಅಕ್ಕ ಮಾತ್ರ ನನ್ನ ಜೊತೆ ಮಾತಾಡಲಿಲ್ಲ.

ನಾಮಕರಣದ ದಿನ ಕರೆಯಿಲ್ಲದೆ ಮನೆಯಲ್ಲೇ ಕೂತಿದ್ದೆ. ಹೊತ್ತು ಮೂಡುವಾಗಲೇ ಬಾಗಿಲಲ್ಲಿ ಸದ್ದು. ಅಕ್ಕ, ಹರಿತಾ, ಬೀಗರು, ತೊಟ್ಟಿಲು, ಅಡುಗೆಯ ಪಾತ್ರೆಗಳು, ಎಲ್ಲ ಬಂದುಬಿಟ್ಟಿದ್ದವು!

"ಹಂಗ್ಯಾಕೆ ನೋಡ್ತೀಯಾ?" ಎಂದಳು ಅಕ್ಕ. "ಇವತ್ತು ನೀರು ನಿಮ್ಮ ಬೀದೀಗೆ ಅಂತ ನೀನೇ ಕೂಗಿದ್ದಲ್ಲ. ನಾಮಕರಣ ಇಲ್ಲೇ."

ಕೂಸನ್ನು ನನ್ನ ಮಡಿಲಿಗೆ ಹಾಕಿ, ಕೊಡ ಎತ್ತಿಕೊಂಡು ನಲ್ಲಿಯ ಕಡೆಗೆ ಹೋದಳು.