ಗಿಳಿಯ ಐದನೇ ಗರಿ

ಕಂಪ್ಯೂಟರಿನ ನೀಲಿ ಪರದೆಯ ಮೇಲೆ ಎರಡು ಹೆಸರು ಬಂದು ನಿಂತವು. ಮೇಲಿನದು ಬೆಳ್ಳಿಯಪ್ಪ, ಕೆಳಗಿನದು ರಾಧಮ್ಮ. ರಾಧಮ್ಮ ತನ್ನ ಹೆಸರಿನ ಮೇಲೆ ಒತ್ತಿ, ಬಾಗಿಲ ಕಡೆ ಒಮ್ಮೆ ನೋಡಿಕೊಂಡಳು. ನನ್ನದೇ ಡಿಸೈನ್ ತೆರೆಯುವುದಕ್ಕೆ ಕಳ್ಳಿಯ ಹಾಗೆ ತಿರುಗಿ ನೋಡಬೇಕಾದ ಕಾಲ ಬಂತಲ್ಲ ಎಂದು ಸಿಟ್ಟೂ ಬಂತು.

ಕೊಯಮತ್ತೂರು ಹತ್ತಿರದ ಸೋಮನೂರಿನ ಆ ಕನ್ನಡದ ಮನೆಯಲ್ಲಿ ಅಣ್ಣತಮ್ಮಂದಿರು ಭಾಗವಾಗಿ ಎಂಟು ತಿಂಗಳಾಗಿತ್ತು. ಅಣ್ಣ ಬೆಳ್ಳಿಯಪ್ಪ, ತಮ್ಮ ಶಿವಲಿಂಗಂ, ರಾಧಮ್ಮನ ಗಂಡ. ಎಂಟು ಮಗ್ಗ ನಾಲ್ಕು ನಾಲ್ಕಾದವು, ಅಂಗಳಕ್ಕೆ ಅಡ್ಡಗೋಡೆ ಎದ್ದಿತು. ಕಂಪ್ಯೂಟರನ್ನು ಮಾತ್ರ ಕಡಿಯಲಾಗಲಿಲ್ಲ. ಸೀರೆ ಡಿಸೈನ್ ಮಾಡುವ ಸಾಫ್ಟ್‌ವೇರ್ ಆ ಒಂದೇ ಪೆಟ್ಟಿಗೆಯಲ್ಲಿ ಓಡುತ್ತಿತ್ತು. ಕೊನೆಗೆ ಪಲ್ಲಡದಿಂದ ಕಾರ್ತಿಕಾ ಎಂಬವಳು ಬಂದು ಡಿಸ್ಕನ್ನು ಎರಡು ಪಾಲು ಮಾಡಿ, ಒಂದೊಂದರಲ್ಲೂ ಬೇರೆ ಬೇರೆ ವಿಂಡೋಸ್ ಹಾಕಿಕೊಟ್ಟಳು. ಬೆಳಿಗ್ಗೆ ಬಾವನ ಪಾಳಿ, ಮಧ್ಯಾಹ್ನ ರಾಧಮ್ಮನದು. ಒಬ್ಬರ ಕಡೆಯಿಂದ ಇನ್ನೊಬ್ಬರ ಡಿಸ್ಕ್ ಕಾಣುತ್ತದೆ, ಬೇಕಾದರೆ ಬೀಗ ಹಾಕಿಸಿಕೊಳ್ಳಿ ಎಂದು ಕಾರ್ತಿಕಾ ಅಂದೇ ಹೇಳಿದ್ದಳು. ಮನೆಯವರಿಗೆ ಮನೆಯವರ ಬೀಗ ಯಾಕೆ ಎಂದು ದೊಡ್ಡ ಮನಸ್ಸು ಮಾಡಿದವಳು ರಾಧಮ್ಮನೇ.

ಆ ದೊಡ್ಡ ಮನಸ್ಸು ಕಳೆದ ತಿಂಗಳು ಸಣ್ಣದಾಯಿತು. ಅವಳು ಬಿಡಿಸಿದ ಮಾವಿನಕಾಯಿ ಅಂಚು, ಅವಳ ಮಗ್ಗದಿಂದ ಇಳಿಯುವ ಮೊದಲೇ ಕೊಯಮತ್ತೂರಿನ ಬೇರೊಂದು ಅಂಗಡಿಯಲ್ಲಿ ನೇತಾಡುತ್ತಿತ್ತು. ಇನ್ನೊಮ್ಮೆ ಹೀಗಾದರೆ ನಿಮ್ಮ ಸೀರೆಯೇ ಬೇಡ ಎಂದ ಅವಳ ಸೀರೆ ಕೊಳ್ಳುವ ವ್ಯಾಪಾರಿ. ಅವನೊಬ್ಬ ಕೈಬಿಟ್ಟರೆ ನಾಲ್ಕು ಮಗ್ಗವೂ ನಿಲ್ಲುತ್ತವೆ. ಡಿಸೈನ್ ಕಂಡವರು ಇಬ್ಬರೇ: ಮಗ್ಗದಲ್ಲಿ ಹೂಬಳ್ಳಿ ಮೂಡಿಸುವ ಜಕಾರ್ಡಿನ ಅಟ್ಟೆಗೆ, ಅಂದರೆ ರಟ್ಟಿಗೆ, ಡಿಸೈನಿನಂತೆ ತೂತು ಹೊಡೆದುಕೊಡುವ ಮಾರಪ್ಪನ್, ಮತ್ತು ಬಾವ. ಮಾರಪ್ಪನ್‌ಗೆ ಅಷ್ಟು ಬುದ್ಧಿ ಎಲ್ಲಿದೆ ಎಂದುಕೊಂಡಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಬಾವ ನಕ್ಕರೂ ಅನುಮಾನ, ನಗದಿದ್ದರೂ ಅನುಮಾನ.

ಕೇಳಿಬಿಡೋಣವೆಂದರೆ ಬಾವನ ಮುಖ ನೋಡಿ ಮಾತಾಡುವ ವಾಡಿಕೆ ಆ ಮನೆಯಲ್ಲಿಲ್ಲ. ಹೇಳುವುದಿದ್ದರೆ ಗೋಡೆಗೋ ಮಗ್ಗಕ್ಕೋ ಹೇಳಬೇಕು. ಅದಕ್ಕೇ ಹೊಸ ಜೋಡಿಗಿಳಿ ಡಿಸೈನಿನಲ್ಲಿ ಅವಳೊಂದು ಉರುಳು ಇಟ್ಟಳು. ಬಲಗಡೆಯ ಗಿಳಿಗೆ ಬಾಲದಲ್ಲಿ ಐದು ಗರಿ, ಎಡಗಡೆಯದಕ್ಕೆ ನಾಲ್ಕೇ. ಅಟ್ಟೆ ಹೊಡೆಯಲು ಕೊಡದೆ ಕಂಪ್ಯೂಟರಿನಲ್ಲೇ ಬಿಟ್ಟಳು. ಬೇರೆಯವರ ಸೀರೆಯ ಮೇಲೆ ನಾಲ್ಕು ಗರಿಯ ಗಿಳಿ ಬಂದು ಕೂತರೆ, ಕಳ್ಳ ಬಾವನೇ. ನಾಲ್ಕು ಗಂಟೆಗೆ ಬಂದು ಬೀಗ ಹಾಕು ಎಂದು ಇವತ್ತು ಕಾರ್ತಿಕಾಗೂ ಹೇಳಿದ್ದಳು.

ಫೈಲ್ ತೆರೆದಳು. ಎಡಗಡೆಯ ಗಿಳಿಗೆ ಐದು ಗರಿ.

ಮತ್ತೆ ಎಣಿಸಿದಳು. ಐದೇ. ಐದನೆಯದು ಅವಳ ಕೈಯದಲ್ಲ. ತುದಿ ತುಸು ಮೇಲಕ್ಕೆ ಎತ್ತಿತ್ತು. ಗ್ರಾಫ್ ಕಾಗದದ ಮೇಲೆ ಬ್ರಷ್ ಹಿಡಿದು ಬಾವ ಹೀಗೆಯೇ ಎತ್ತುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅವರ ಬೆನ್ನ ಹಿಂದೆ ನಿಂತೇ ಅವಳು ಈ ವಿದ್ಯೆ ಕಲಿತದ್ದು. ಒಳಗೆ ಬಂದಿದ್ದಾರೆ, ಕೈಯನ್ನೂ ಹಾಕಿದ್ದಾರೆ! ಮೈ ಉರಿಯಿತು. ಅವರ ಕಡೆ ಏನಿದೆಯೋ ನಾನೂ ನೋಡುತ್ತೇನೆ ಎಂದು ಬಾವನ ಡಿಸ್ಕ್ ತೆರೆದಳು. ಡಿಸೈನ್ ಎಂಬ ಒಂದೇ ಫೋಲ್ಡರ್. ಅದರಲ್ಲಿ ಏನೂ ಇಲ್ಲ. ಎಂಟು ತಿಂಗಳು ದಿನಾ ಬೆಳಿಗ್ಗೆ ಕೂತವರು ಒಂದು ಹೂವನ್ನೂ ಬಿಡಿಸಿರಲಿಲ್ಲ.

ಅಡ್ಡಗೋಡೆ ಸುತ್ತಿಕೊಂಡು ಬಾವನ ಶೆಡ್ಡಿಗೆ ಹೋದಳು. ನಾಲ್ಕು ಮಗ್ಗದಲ್ಲೂ ಹೂವಿಲ್ಲದ, ಗಿಳಿಯಿಲ್ಲದ, ಬಣ್ಣವೂ ಕಾಣದ ಕಾಡಾ ಬಟ್ಟೆ ಇಳಿಯುತ್ತಿತ್ತು. ಜಕಾರ್ಡಿಗೆ ಹಳೆಯ ಸೀರೆ ಹೊದಿಸಿ, ಅದರ ಮೇಲೆ ಹತ್ತಿಧೂಳು ದಪ್ಪಗೆ ಕೂತಿತ್ತು. ಅವಳು ಹತ್ತಿರದ ಮಗ್ಗಕ್ಕೆ ಕೂಗಿ ಹೇಳಿದಳು.

"ಗಿಳಿ ಬಾಲಕ್ಕೆ ಯಾರೋ ಕೈ ಹಾಕವ್ರೆ."

ಬೆಳ್ಳಿಯಪ್ಪ ಕಡಿದ ನೂಲಿಗೆ ಗಂಟು ಹಾಕುತ್ತಿದ್ದರು. ತಿರುಗಲಿಲ್ಲ. "ಹಾಕ್ದೆ ಇನ್ನೇನ್ ಮಾಡೋದು? ಒಂದ್ ಗಿಳೀಗೆ ನಾಕೇ ಗರಿ. ಹಂಗೇ ಅಟ್ಟೆ ಹೊಡ್ಸಿದ್ರೆ ಸೀರೆ ಸೀರೆಗೂ ಊನ. ನೆಯ್ದೋರು ಯಾರು ಅಂದ್ರೆ ನಮ್ ಮನೆ ಹೆಸ್ರು ತಾನೆ ಹೇಳೋದು? ಗೋಡೆ ಕಟ್ಟಿರೋದು ಸೀರೆ ಉಡೋರ್ಗೆ ಗೊತ್ತಾ?"

"ದಿನಾ ಬಂದು ಅದನ್ನೇ ನೋಡೋದಾ?"

"ಬೇರೆ ಏನೈತೆ ನೋಡಕ್ಕೆ?" ಎಂದರು ಬಾವ. ಗಂಟು ಬಿಗಿದು, "ಮಾವಿನ್ಕಾಯಿ ಚೆನ್ನಾಗಿತ್ತು. ಗಿಳಿ ಇನ್ನೂ ಜೋರು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಅವರು, ನೋಡಿಕೊಂಡವಳು ರಾಧಮ್ಮ. ಆ ಗರಿ ನಾನೇ ಬೇಕೆಂದು ಬಿಟ್ಟದ್ದು ಎಂಬ ಮಾತು ನಾಲಿಗೆ ತುದಿಗೆ ಬಂತು. ನಾಚಿಕೆಯಾಗಿ ನುಂಗಿಕೊಂಡಳು.

ನಾಲ್ಕಕ್ಕೆ ಸರಿಯಾಗಿ ಕಾರ್ತಿಕಾ ಬಂದು ಚೀಲ ಇಳಿಸಿದಳು. "ಪೂಟ್ಟು ಪೋಟ್ಟುಡಲಾಮಾ ಅಕ್ಕಾ?" ಬೀಗ ಹಾಕಿಬಿಡಲೇ ಎಂದು ತಮಿಳಿನಲ್ಲಿ ಕೇಳಿದಳು.

"ಪೂಟ್ಟು ವೇಂಡಾಮ್ಮಾ. ಕಾಪಿ ಕುಡಿಚ್ಚಿಟ್ಟು ಪೋ," ಎಂದಳು ರಾಧಮ್ಮ. ಬೀಗ ಹಾಕಲು ಬಂದವಳು ಬರೀ ಕಾಪಿ ಕುಡಿದಳು. ಮಾರಪ್ಪನ್ ಬದಲಿಗೆ ಪಲ್ಲಡದಲ್ಲಿ ಅಟ್ಟೆ ಹೊಡೆಯುವವರು ಯಾರಾದರೂ ಇದ್ದಾರೆಯೇ ಎಂದು ಮಾತ್ರ ರಾಧಮ್ಮ ಅವಳನ್ನು ಕೇಳಿಟ್ಟುಕೊಂಡಳು. ಅನುಮಾನ ಮನೆ ಬಿಟ್ಟು ಬೀದಿಗೆ ಇಳಿದಿತ್ತು, ಅಷ್ಟೇ.

ಆಮೇಲೆ ಹೊಸ ಡಿಸೈನಿಗೆ ಕೂತಳು. ಎರಡು ಹಂಸ, ಕೊಕ್ಕಿನಲ್ಲಿ ಒಂದೊಂದು ತಾವರೆ. ಬಲಗಡೆಯ ತಾವರೆಗೆ ಏಳು ಎಸಳು ಬಿಡಿಸಿದಳು. ಎಡಗಡೆಯದಕ್ಕೆ ಆರು ಬಿಡಿಸಿ ಕೈ ನಿಲ್ಲಿಸಿದಳು. ಸೇವ್ ಮಾಡಿ, ಕಂಪ್ಯೂಟರ್ ಆರಿಸಿ, ಬೆಳಿಗ್ಗೆ ಬರುವವರಿಗೆ ಕುರ್ಚಿಯನ್ನು ಸರಿಯಾಗಿ ಎಳೆದಿಟ್ಟಳು.