ನಮ್ಮವರ ದರ

ಶೆರ್ಮತ್‌ನ ಬಳಿ ಗುರುತಿನ ಕಾರ್ಡ್ ಇರಲಿಲ್ಲ. ಖೀವಾದಲ್ಲಿ ಹುಟ್ಟಿದವನು, ಖೀವಾದ ಬೀದಿಯಲ್ಲೇ ಬೈಗುಳ ಕಲಿತವನು. ಆ ಊರಿನ ಹಸುಗೂಸಿಗೂ ಇರುವ ಕಾರ್ಡ್ ಅವನಿಗೆ ಇರಲಿಲ್ಲ. ಅದರ ಬದಲು ಹೊಸ ಕೋಟಿನ ಒಳಜೇಬಿನಲ್ಲಿ ರಷ್ಯಾದ ಕೆಂಪು ಪಾಸ್‌ಪೋರ್ಟ್ ಇತ್ತು.

ಸೈಬೀರಿಯಾದ ಒಂದು ಊರಿನಲ್ಲಿ ಅವನು ಬಸ್ ಓಡಿಸುತ್ತಿದ್ದ. ಅಲ್ಲಿನ ಪ್ರಜೆಯಾದರೆ ಮಾತ್ರ ಕೆಲಸ ಉಳಿಯುತ್ತದೆ ಎಂದರು, ಅರ್ಜಿ ಹಾಕಿದ. ಎರಡು ದೇಶಗಳ ಪ್ರಜೆಯಾಗಿರಲು ಹುಟ್ಟಿದ ದೇಶದ ಕಾನೂನು ಬಿಡುವುದಿಲ್ಲ. ಹಾಗಾಗಿ ಹಳೆಯ ಪೌರತ್ವದ ಕಾಗದವನ್ನು ಒಪ್ಪಿಸಿಬಿಟ್ಟ. ಮನೆಯಲ್ಲಿ ಹೇಳಲಿಲ್ಲ. ಈ ಜೂನ್‌ನಲ್ಲಿ ಸೇನಾ ಕಚೇರಿಗೆ ಹಾಜರಾಗಲು ಕರೆ ಬಂತು. ಆ ವಾರವೇ ರೈಲು ಹತ್ತಿ ಊರಿಗೆ ಬಂದ. ಈಗ ತಿರುಗಿ ಹೋದರೆ ಹಿಡಿದು ಯುದ್ಧಕ್ಕೆ ಕಳಿಸುತ್ತಾರೆ. ಇಲ್ಲೇ ಇರೋಣವೆಂದರೆ ಪರದೇಶದವನಿಗೆ ಉಳಿಯಲು ಕೊಡುವ ಅವಧಿ ಮುಗಿಯುತ್ತ ಬಂದಿತ್ತು. ಈ ಊರಿನ ಹುಡುಗಿಯನ್ನು ಮದುವೆಯಾದರೆ ಮಾತ್ರ ಉಳಿಯಲು ಪರವಾನಗಿ ಸಿಗುತ್ತಿತ್ತು.

ಹಾಗೆಂದು ಸನೋಬಾರ್‌ಳನ್ನು ಅವನು ಕಾಗದಕ್ಕಾಗಿಯೇ ಒಪ್ಪಿದ ಎನ್ನಲಾಗದು. ಅವಳು ಹಲ್ಲಿನ ಡಾಕ್ಟರ ಬಳಿ ನರ್ಸ್. ಎರಡು ಸಲ ಭೇಟಿಯಾಗಿದ್ದರು. ಎರಡನೇ ಸಲ, ಮಾತಿನ ನಡುವೆ, "ನಿಮ್ಮ ಎಡಗಡೆ ದವಡೆ ಹಲ್ಲು ಕೀಳಿಸ್ಬೇಕು" ಎಂದಿದ್ದಳು. ಅವನಿಗೆ ಹಿಡಿಸಿತ್ತು.

ಅವಳ ತಂದೆ ಅಲ್ಲಾಬೆರ್ಗನ್ ಟ್ರ್ಯಾಕ್ಟರ್ ರಿಪೇರಿಯವನು. ಅವನ ಹಿರಿಯ ಮಗ ದಾನ್ಯಾರ್ ಕೂಡ ಅದೇ ಕೆಂಪು ಪಾಸ್‌ಪೋರ್ಟ್ ಪಡೆದಿದ್ದ. ಹಿಂದಿನ ಚಳಿಗಾಲ ಯುದ್ಧದಿಂದ ಮೊಳೆ ಹೊಡೆದ ಪೆಟ್ಟಿಗೆಯಲ್ಲಿ ಮನೆಗೆ ಬಂದ. ಪೆಟ್ಟಿಗೆ ತೆರೆಯಬಾರದು ಎಂದಿದ್ದರು, ತೆರೆಯದೆ ಹೂತರು. ಆದ್ದರಿಂದ ಸಂಬಂಧ ಕೇಳಲು ಬಂದವರಿಗೆಲ್ಲ ಅಲ್ಲಾಬೆರ್ಗನ್ ಇಡುತ್ತಿದ್ದ ಷರತ್ತು ಒಂದೇ: ಹುಡುಗನ ಹತ್ತಿರ ಆ ಪಾಸ್‌ಪೋರ್ಟ್ ಇರಕೂಡದು. ತಾಯಿಯಿಲ್ಲದ ಶೆರ್ಮತ್‌ನನ್ನು ಸಾಕಿದ ಸೋದರತ್ತೆ ಒಗುಲ್‌ಜಾನ್ ಊರಿನ ಎಷ್ಟೋ ಸಂಬಂಧ ಕೂಡಿಸಿದವಳು. ರೊಟ್ಟಿಯ ಮೇಲೆ ಕೈಯಿಟ್ಟು, "ಇಲ್ಲ ಅಗಾ, ನನ್ನ ಹುಡುಗ ಅಂಥೋನಲ್ಲ" ಎಂದು ಆಣೆ ಮಾಡಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ. ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿಯ ರೂಢಿ ಹೀಗೆ. ಹಿರಿಯರು ಒಪ್ಪಿದ ಮೇಲೆ ಎರಡೂ ಮನೆಯವರು ಕೋಟೆಯೊಳಗಿನ ಪೀರರ ಸಮಾಧಿಗೆ ಹೋಗಿ, ಅಲ್ಲಿನ ಬಾವಿಯ ನೀರನ್ನು ಒಂದೇ ಬಟ್ಟಲಿನಲ್ಲಿ ಕುಡಿಯಬೇಕು. ಸಂಜೆ ಹುಡುಗಿಯ ಮನೆಯಲ್ಲಿ ರೊಟ್ಟಿ ಮುರಿಯಬೇಕು. ರೊಟ್ಟಿ ಮುರಿದ ಮೇಲೆ ಮಾತು ಮುರಿಯುವಂತಿಲ್ಲ. ಮುರಿದರೆ ಕೆಟ್ಟ ಹೆಸರು ಹುಡುಗಿಗೆ. ಆಮೇಲೆ ಆ ಮನೆ ಹೊಸ್ತಿಲಿಗೆ ಯಾರೂ ಬರುವುದಿಲ್ಲ. ಶೆರ್ಮತ್ ನಂಬಿಕೊಂಡಿದ್ದುದು ಅದನ್ನೇ. ನೋಂದಣಿ ಕಚೇರಿಯಲ್ಲಿ ಕಾಗದ ತೋರಿಸುವುದು ಆಮೇಲಿನ ಮಾತು. ಆ ಹೊತ್ತಿಗೆ ಅಲ್ಲಾಬೆರ್ಗನ್ ಎಷ್ಟು ಕೂಗಿದರೂ ಹಿಂದೆ ಸರಿಯಲಾರ.

ಸೆಪ್ಟೆಂಬರ್ ತಿಂಗಳ ಆ ಬೆಳಿಗ್ಗೆ ಎರಡೂ ಕಡೆಯಿಂದ ಹತ್ತು ಜನ ಕೋಟೆಯ ಪಡುವಣ ಬಾಗಿಲಿಗೆ ಬಂದರು. ಬಾಗಿಲ ಪಕ್ಕದಲ್ಲಿ ಟಿಕೆಟ್ ಕಿಟಕಿ. ಅದರ ಮೇಲೆ ಎರಡು ಹಲಗೆ: ಪ್ರಜೆಗಳ ದರ, ವಿದೇಶಿಯರ ದರ. ಎರಡನೆಯದು ಮೊದಲನೆಯದರ ಹತ್ತು ಪಟ್ಟು. ಶೆರ್ಮತ್‌ಗೆ ಅದರ ಹೆದರಿಕೆ ಇರಲಿಲ್ಲ. ಅವನಿಗೆ ನೆನಪಿದ್ದಂತೆ ಅಲ್ಲಿ ಕಾಗದ ಕೇಳುವ ಪದ್ಧತಿಯೇ ಇರಲಿಲ್ಲ. ಊರಿನ ಭಾಷೆಯಲ್ಲಿ ಎರಡು ಮಾತಾಡಿದರೆ ನಮ್ಮವರ ದರ ಸಿಗುತ್ತಿತ್ತು.

"ಹತ್ತು ಜನ ಕಣಮ್ಮ, ಎಲ್ಲಾ ನಮ್ಮೋರೇ," ಎಂದಳು ಒಗುಲ್‌ಜಾನ್ ಕಿಟಕಿಗೆ ಬಗ್ಗಿ. "ಹುಡುಗ ಹುಡುಗೀನ ಪೀರರ ಹತ್ರ ಕರ್ಕೊಂಡ್ ಹೋಗ್ತಿದೀವಿ."

"ಒಳ್ಳೇದಾಗ್ಲಿ. ಕಾರ್ಡ್ ಕೊಡಿ," ಎಂದಳು ಒಳಗಿದ್ದ ಹೆಂಗಸು.

"ಯಾವ ಕಾರ್ಡು?"

"ಗುರುತಿನ ಕಾರ್ಡು. ಈ ತಿಂಗಳಿಂದ ಹೊಸ ನಿಯಮ. ಗಡಿ ಆಚೆಯೋರೂ ನಮ್ ಥರಾನೇ ಮಾತಾಡ್ಕೊಂಡು ನಮ್ ದರದಲ್ಲೇ ಒಳಗ್ ಹೋಗ್ಬಿಡ್ತಿದ್ರು. ಈಗ ಮಾತು ಕೇಳಲ್ಲ, ಕಾರ್ಡ್ ನೋಡ್ತೀವಿ."

"ನನ್ನ ಮುಖ ನೋಡಮ್ಮ, ಜರ್ಮನಿಯೋಳ ಥರ ಇದೀನಾ?"

"ನೀವು ನಮ್ಮ ಹಿಂದಿನ ಬೀದಿಯೋರು ಅಂತ ಗೊತ್ತು. ಕಾರ್ಡ್ ಕೊಡಿ."

ಒಗುಲ್‌ಜಾನ್ ಗೊಣಗುತ್ತ ಎಲ್ಲರ ಮುಂದೆ ಕೈ ಚಾಚಿದಳು. ಒಂಬತ್ತು ಕಾರ್ಡ್ ಸೇರಿದವು. ಶೆರ್ಮತ್‌ನ ಮುಂದೆ ಬಂದಾಗ ಅವನು ಕೋಟಿನ ಹೊರಜೇಬುಗಳನ್ನು ತಡವಿದ.

"ಮನೇಲಿ ಬಿಟ್ ಬಂದೆ ಅತ್ತೆ. ಹಳೇ ಕೋಟಲ್ಲಿ."

"ಮದುವೆ ದಿನ ತಲೇನೂ ಬಿಟ್ ಬಾ."

"ಕಾರ್ಡ್ ಇಲ್ದೋರು ವಿದೇಶಿ ಲೆಕ್ಕ," ಎಂದಳು ಟಿಕೆಟ್‌ನವಳು. "ಒಂಬತ್ತು ನಮ್ಮವು, ಒಂದು ವಿದೇಶಿ. ಹರೀಲಾ?"

"ಹರೀರಿ, ಹರೀರಿ. ಅದೊಂದು ನಾನೇ ಕೊಡ್ತೀನಿ," ಎಂದು ಶೆರ್ಮತ್ ದುಡ್ಡು ತೆಗೆದ. ಇಷ್ಟು ಸುಲಭವಾಗಿ ಮುಗಿಯಿತಲ್ಲ ಎಂದು ಅವನ ಎದೆ ಹಗುರಾಯಿತು. ಆಗ ಅವನ ಮಣಿಕಟ್ಟನ್ನು ಒಂದು ಕೈ ಹಿಡಿಯಿತು. ಗ್ರೀಸ್ ಹೋಗದ ಉಗುರುಗಳ, ದಪ್ಪ ಬೆರಳಿನ ಕೈ.

"ನಿಲ್ಲಪ್ಪ," ಎಂದ ಅಲ್ಲಾಬೆರ್ಗನ್. "ದುಡ್ಡು ಒಳಗಿಡು. ಪೀರರ ಹತ್ರ ಹೋಗೋ ಖರ್ಚು ಹೆಣ್ಣಿನ ಕಡೇದು."

"ಮಾವ, ಒಂದ್ ಟಿಕೆಟ್ ತಾನೇ..."

"ಟಿಕೆಟ್ಟಿನ ಮಾತಲ್ಲ. ನನ್ನ ಅಳಿಯ ಅವನ ಊರಿನ ಬಾಗಿಲಲ್ಲಿ ವಿದೇಶಿ ಅಂತ ಚೀಟಿ ತಗೊಂಡು ಒಳಗ್ ಹೋಗೋದಾ? ಇವತ್ತಿನ ದಿನ? ನಾಳೆ ಟೀ ಅಂಗಡೀಲಿ ಏನಂತಾರೆ? ಅಲ್ಲಾಬೆರ್ಗನ್ ಪರದೇಶದೋನಿಗೆ ಹೆಣ್ಣು ಕೊಟ್ಟ ಅಂತಾರೆ."

ಎಲ್ಲರೂ ನಕ್ಕರು. ಶೆರ್ಮತ್ ಕೂಡ ನಕ್ಕ.

ಅಲ್ಲಾಬೆರ್ಗನ್ ಕಿಟಕಿಯ ಮುಂದೆ ನೆಟ್ಟಗೆ ನಿಂತ. ಆ ಬಿಸಿಲಲ್ಲೂ ತಲೆಯ ಮೇಲೆ ಕುರಿ ಉಣ್ಣೆಯ ದೊಡ್ಡ ಟೋಪಿ. ಶುಭಕಾರ್ಯಕ್ಕೆಂದು ಪೆಟ್ಟಿಗೆಯಿಂದ ತೆಗೆದದ್ದು. "ವಿದೇಶದೋರ ಹತ್ರ ಹೆಚ್ಚು ತಗೊಳ್ಳಿ, ನಾನು ಬೇಡ ಅನ್ನಲ್ಲ ತಾಯಿ," ಎಂದ. "ಅವರು ನೋಡೋಕೆ ಬಂದೋರು. ನಾವು ಬೇಡ್ಕೊಳ್ಳೋಕೆ ಬಂದೋರು. ನಮ್ಮಜ್ಜ ಈ ಗೋಡೆಗೆ ಮಣ್ಣು ಹೊತ್ತಿದಾರೆ. ಈ ಹುಡುಗನ ಅಜ್ಜನೂ ಹೊತ್ತಿರ್ಬೇಕು."

"ಹೊತ್ತಿರ್ಬೋದು ಅಗಾ. ನನ್ ಕೆಲಸ ಕಾರ್ಡ್ ನೋಡೋದು."

ಅಷ್ಟರಲ್ಲಿ ಕ್ಯಾಮರಾ ತೂಗುಹಾಕಿಕೊಂಡ ನಾಲ್ವರು ಪ್ರವಾಸಿಗರು ಬಂದು, ಅವನ ಟೋಪಿಯತ್ತ ಬೆರಳು ತೋರಿಸಿ, ಫೋಟೋ ತೆಗೆಯಬಹುದೇ ಎಂದು ಸನ್ನೆ ಮಾಡಿದರು. "ನಮ್ ಅಗಾ ಫೋಟೋಗೂ ಹತ್ತು ಪಟ್ಟು ದರ!" ಎಂದು ಶೆರ್ಮತ್‌ನ ಗೆಳೆಯ ಪೋಲಟ್ ಕೂಗಿದ. ಪ್ರವಾಸಿಗರಿಗೆ ಅರ್ಥವಾಗದಿದ್ದರೂ ನಕ್ಕರು. ಅಲ್ಲಾಬೆರ್ಗನ್ ಗಂಭೀರವಾಗಿ ಮೀಸೆ ನೀವಿ, ಶೆರ್ಮತ್‌ನ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡು ಫೋಟೋಗೆ ನಿಂತ. ಆ ತೋಳಿನ ಭಾರದಲ್ಲಿ ಕೋಟು ಜಗ್ಗಿತು. ಶೆರ್ಮತ್ ಎದೆಯ ಮೇಲೆ ಕೈ ಇಟ್ಟುಕೊಂಡ.

"ಫೋನಲ್ಲಿ ಕಾರ್ಡಿನ ಫೋಟೋ ಇಲ್ವೇನೋ?" ಎಂದು ಕೇಳಿದ ಪೋಲಟ್.

"ಹೊಸ ಫೋನು."

"ಹಾಗಾದ್ರೆ ಮನೆ ಕೀಲಿ ಕೊಡು. ಮೋಟರ್ ಸೈಕಲ್ ಇದೆ, ನೀರು ಕುಡಿಯೋದ್ರೊಳಗೆ ತಂದ್ಬಿಡ್ತೀನಿ."

"ಬೇಡ. ನಿನಗೆ ಸಿಗಲ್ಲ."

"ಹಳೇ ಕೋಟಲ್ಲಿದೆ ಅಂದೆಯಲ್ಲ?"

"ಇರ್ಬೋದು ಅಂದೆ. ಎಲ್ಲೋ ಕಳ್ಕೊಂಡಿರ್ಬೇಕು."

ಹೇಳಿದ ಮೇಲೆ ಶೆರ್ಮತ್‌ಗೆ ತಾನು ಮಾಡಿದ ತಪ್ಪು ತಿಳಿಯಿತು. ಅಲ್ಲಾಬೆರ್ಗನ್‌ನ ಮುಖ ಅರಳಿಬಿಟ್ಟಿತ್ತು.

"ಕಳ್ದಿದ್ಯಾ? ಮೊದಲೇ ಹೇಳೋದಲ್ವಾ ಹುಚ್ಚಪ್ಪ, ಅದಕ್ಯಾಕೆ ಮುಖ ಸಪ್ಪೆ ಮಾಡ್ಕೊಂಡಿದೀಯ! ಆಚೆ ಬೀದೀಲೇ ಕಾರ್ಡ್ ಮಾಡೋ ಕಚೇರಿ. ಅಲ್ಲಿರೋ ಸಾಹೇಬ್ರ ಟ್ರ್ಯಾಕ್ಟರ್ ನಾನೇ ನೋಡ್ಕೊಳ್ಳೋದು. ಬೆರಳು ಒತ್ತಿದ್ರೆ ನಿನ್ನ ಜಾತಕ ಎಲ್ಲಾ ಪರದೆ ಮೇಲೆ ಬರುತ್ತೆ. ಒಂದು ಚೀಟಿ ಬರೆಸ್ಕೊಂಡು ಬಂದ್ಬಿಡೋಣ. ಎಲ್ಲಾ ನೆರಳಲ್ಲಿ ಕೂತಿರಿ."

"ಮಾವ, ಇನ್ನೊಂದಿನ..."

"ಇನ್ನೊಂದಿನ ಯಾಕೆ? ಇವತ್ತೇ ಒಳ್ಳೇ ದಿನ."

ಅವನು ಸಾಹೇಬರಿಗೆ ಫೋನು ಹಚ್ಚಿದ. ಶೆರ್ಮತ್ ಸುತ್ತ ನೋಡಿದ. ಒಂದು ಕಡೆ ಕೋಟೆಯ ಗೋಡೆ, ಒಂದು ಕಡೆ ಪ್ರವಾಸಿಗರ ಬಸ್ಸು, ಎದುರಿಗೆ ನಗುನಗುತ್ತ ಕಾಯುತ್ತಿರುವ ನೆಂಟರು. ಇಷ್ಟು ಜನ ಸೇರಿ ಅವನನ್ನು ತಮ್ಮವನನ್ನಾಗಿಸಲು ಹೊರಟಿದ್ದರು. ಒಬ್ಬನಾದರೂ ಅನುಮಾನಪಟ್ಟಿದ್ದರೆ ಜಗಳವಾಡಬಹುದಿತ್ತು.

ಸನೋಬಾರ್ ನೀರಿನ ಬಟ್ಟಲು ಹಿಡಿದುಕೊಂಡು ಹತ್ತಿರ ಬಂದಳು. ದೂರದಿಂದ ನೋಡುವವರಿಗೆ ಮದುಮಕ್ಕಳ ಪಿಸುಮಾತು.

"ಬೆಳಗಿಂದ ನೋಡ್ತಿದೀನಿ," ಎಂದಳು. "ಎದೆ ಮೇಲಿಂದ ಕೈ ತೆಗೀತಾ ಇಲ್ಲ. ಏನಿದೆ ಅಲ್ಲಿ?"

"ಏನಿಲ್ಲ."

"ಹಲ್ಲು ನೋವಿರೋರು ಹೀಗೇ ಅಂತಾರೆ. ನೋವಿಲ್ಲ ಅಂತಾರೆ, ಕೈ ದವಡೆ ಮೇಲಿರುತ್ತೆ." ಅವಳು ದನಿ ತಗ್ಗಿಸಿದಳು. "ಕೆಂಪು ಪಾಸ್‌ಪೋರ್ಟಾ?"

ಅವನ ಕೈ ಎದೆಯ ಮೇಲೆ ಇನ್ನೂ ಬಿಗಿಯಾಗಿ ಒತ್ತಿತು.

"ಯಾವಾಗ ಹೇಳ್ತಿದ್ರಿ?"

ಸುಳ್ಳು ಹೇಳಲು ಅವನಿಗೆ ಸಮಯವಿತ್ತು. ಆದರೆ ಬೆಳಗಿನಿಂದ ಸುಳ್ಳು ಹೇಳಿ ಹೇಳಿ ತಲೆ ಓಡದೆ ನಿಂತುಹೋಗಿತ್ತು. "ರೊಟ್ಟಿ ಮುರಿದ ಮೇಲೆ," ಎಂದ.

"ಅಂದ್ರೆ ನಾನು ಬೇಡ ಅನ್ನೋಕೆ ಆಗದೇ ಇದ್ದ ಮೇಲೆ."

"ಸನೋಬಾರ್, ಅಲ್ಲಿಗೆ ಹೋದ್ರೆ ನನ್ನ ಯುದ್ಧಕ್ಕೆ ಹಾಕ್ತಾರೆ. ಇಲ್ಲಿರೋಕೆ ಬೇರೆ ದಾರಿ ಇಲ್ಲ. ಇವತ್ತೊಂದಿನ ಸುಮ್ನಿರು. ಅಪ್ಪನಿಗೆ ನಾನೇ ಹೇಳ್ತೀನಿ, ಕಾಲಿಗೆ ಬೀಳ್ತೀನಿ."

"ನನ್ನ ಹತ್ರ ಬಂದು ಹೀಗಾಗಿದೆ ಅಂದಿದ್ರೆ ನಾನು ಏನಂತಿದ್ದೆನೋ ಗೊತ್ತಿಲ್ಲ," ಎಂದಳು. "ಹೂಂ ಅಂತಿದ್ದೆನೇನೋ. ಅಪ್ಪನ ಜೊತೆ ಜಗಳ ಆಡ್ತಿದ್ದೆನೇನೋ. ಈಗ ಅದು ಗೊತ್ತಾಗಲ್ಲ. ಹೋಗಿ ಅಪ್ಪನಿಗೆ ಹೇಳಿ. ಈಗಲೇ."

"ಇಷ್ಟು ಜನರ ಮುಂದೆ ಹೇಗ್ ಹೇಳ್ಲಿ?"

ಅಲ್ಲಾಬೆರ್ಗನ್ ಫೋನು ಜೇಬಿಗಿಟ್ಟು ಬಂದ. "ಸಾಹೇಬ್ರು ಇದಾರೆ. ಚಹಾ ಇಡಿಸಿದಾರೆ. ನಡಿ ಅಳಿಯ." ಅವನ ಕೈ ಮತ್ತೆ ಶೆರ್ಮತ್‌ನ ಮಣಿಕಟ್ಟಿಗೆ ಬಂತು. ಶೆರ್ಮತ್ ಹೇಳಬೇಕೆಂದು ಬಾಯಿ ತೆರೆದ. ಕಾಲುಗಳು ಮಾತ್ರ ಮಾವನ ಹಿಂದೆ ನಡೆದವು.

ಸನೋಬಾರ್ ಮೂರು ಹೆಜ್ಜೆಯಲ್ಲಿ ಅಡ್ಡ ಬಂದಳು. ಬಾಯಿ ತೆರೆಯಿರಿ ಎಂದು ರೋಗಿಗೆ ಹೇಳುವಷ್ಟೇ ನೇರವಾಗಿ ಅವನ ಕೋಟಿನೊಳಗೆ ಕೈ ಹಾಕಿದಳು. ಒಗುಲ್‌ಜಾನ್, "ಏ ಹುಡುಗಿ!" ಎಂದು ನಗುತ್ತ ಗದರಿದಳು. ಸನೋಬಾರ್ ಕಿಟಕಿಯ ಕಟ್ಟೆಯ ಮೇಲೆ ಒಂಬತ್ತು ಕಾರ್ಡುಗಳ ಪಕ್ಕದಲ್ಲಿ ಕೆಂಪು ಪಾಸ್‌ಪೋರ್ಟ್ ಇಟ್ಟಳು.

"ಒಂಬತ್ತು ನಮ್ಮವು," ಎಂದಳು. "ಒಂದು ವಿದೇಶಿ."

ಟಿಕೆಟ್‌ನವಳು ಪಾಸ್‌ಪೋರ್ಟ್ ತೆರೆದು ಫೋಟೋ ನೋಡಿದಳು, ಶೆರ್ಮತ್‌ನ ಮುಖ ನೋಡಿದಳು. "ಮೊದಲೇ ಕೊಟ್ಟಿದ್ರೆ ಇಷ್ಟು ಹೊತ್ತಾಗ್ತಿರ್ಲಿಲ್ಲ," ಎಂದು ಹತ್ತು ಟಿಕೆಟ್ ಹರಿದಳು. ಸನೋಬಾರ್ ತನ್ನ ಚೀಲದಿಂದಲೇ ದುಡ್ಡು ಕೊಟ್ಟಳು.

ಅಲ್ಲಾಬೆರ್ಗನ್ ಪಾಸ್‌ಪೋರ್ಟ್ ಕೈಗೆತ್ತಿಕೊಂಡ. ತೆರೆಯಲಿಲ್ಲ.

"ಕರೆ ಬಂದಿದ್ಯಾ?"

"ಹೂಂ."

"ಯಾವಾಗ?"

"ಜೂನಲ್ಲಿ."

"ನನ್ನ ಮಗಳನ್ನ ಕೇಳೋಕೆ ಬಂದಿದ್ದು ಜುಲೈಲಿ."

"ಮಾವ, ನಾನು ಹೋಗಲ್ಲ ಅಂತಾನೇ..."

"ಮಾವ ಅನ್ಬೇಡ." ಅವನು ಕೂಗಲಿಲ್ಲ. ಒಗುಲ್‌ಜಾನ್‌ಳ ಕಡೆ ತಿರುಗಿದ. "ರೊಟ್ಟಿ ಮೇಲೆ ಕೈ ಇಟ್ಟಿದ್ದೆಯಲ್ಲಮ್ಮ."

"ನನಗೆ ಗೊತ್ತಿರ್ಲಿಲ್ಲ ಅಗಾ. ಸತ್ಯವಾಗ್ಲೂ ಗೊತ್ತಿರ್ಲಿಲ್ಲ." ಒಗುಲ್‌ಜಾನ್ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಅಣ್ಣನ ಮಗನ ಮುಖವನ್ನೇ ನೋಡಿದಳು. ಆಮೇಲೆ ಬೈಯಲು ಶುರುಮಾಡಿದಳು.

ಹೆಣ್ಣಿನ ಕಡೆಯವರು ತಮ್ಮ ಕಾರ್ಡುಗಳನ್ನು ಆರಿಸಿಕೊಂಡು ಹೊರಟರು. ಅಲ್ಲಾಬೆರ್ಗನ್ ಪಾಸ್‌ಪೋರ್ಟನ್ನು ಕಟ್ಟೆಯ ಮೇಲಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಸನೋಬಾರ್ ತಂದೆಯ ಪಕ್ಕದಲ್ಲಿ ನಡೆದಳು. ಒಮ್ಮೆ ನಿಂತಳು, ಚಪ್ಪಲಿಯೊಳಗೆ ಸೇರಿದ್ದ ಕಲ್ಲು ತೆಗೆದುಕೊಂಡಳು.

"ನನಗಾದ್ರೂ ಹೇಳ್ಬಾರ್ದಿತ್ತೇನೋ," ಎಂದ ಪೋಲಟ್. ಉತ್ತರಕ್ಕೆ ಕಾಯದೆ ಒಗುಲ್‌ಜಾನ್‌ಳನ್ನು ಮೋಟರ್ ಸೈಕಲ್ ಮೇಲೆ ಕೂರಿಸಿಕೊಂಡು ಹೋದ.

ಶೆರ್ಮತ್ ಪಾಸ್‌ಪೋರ್ಟ್ ಜೇಬಿಗಿಟ್ಟು, ತನ್ನ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ. ಕಾವಲಿನವನು ಅದನ್ನು ಇಣುಕಿ ನೋಡಿದ.

"ಒಳಗ್ ಹೋಗ್ತೀಯೇನಪ್ಪ? ಅವಸರ ಇಲ್ಲ. ವಿದೇಶಿ ಟಿಕೆಟ್ ನಾಳೇನೂ ನಡೆಯುತ್ತೆ."

ಅವನು ಒಳಗೆ ಹೋಗಲಿಲ್ಲ. ಹೊರಗೆ ಎತ್ತ ಹೋಗಬೇಕೆಂದೂ ಹೊಳೆಯಲಿಲ್ಲ. ಪ್ರವಾಸಿಗರ ಇನ್ನೊಂದು ಗುಂಪು ಬಂತು. ಅವನು ಗೋಡೆಗೆ ಒತ್ತಿಕೊಂಡು ಅವರಿಗೆ ದಾರಿ ಬಿಟ್ಟ.

ಆ ದಿನ ಹೋದದ್ದು ಇಷ್ಟು: ಕೂಡಿಬಂದಿದ್ದ ಒಂದು ಸಂಬಂಧ, ಸಂಜೆಯ ಊಟಕ್ಕೆಂದು ಬೆಳಿಗ್ಗೆಯೇ ಕೊಯ್ದ ಒಂದು ಕುರಿ, ಸಂಬಂಧ ಕೂಡಿಸಲು ಒಗುಲ್‌ಜಾನ್‌ಳನ್ನು ಕರೆಯುತ್ತಿದ್ದ ಅಷ್ಟೂ ಮನೆ, ಹರಿದ ಮೇಲೆ ದುಡ್ಡು ಹಿಂದಿರುಗಿಸದ ಹತ್ತು ಟಿಕೆಟ್.